ಪೊರಕೆ ಹಿಡಿದು ಜರ್ಮನಿಯಲ್ಲಿ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ಸಕಲೇಶಪುರದ ಹತ್ತಿರ. ಓದಿದ್ದು ಹಾಸನದಲ್ಲಿ. ಈಗ ಒಂಬತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರಿಗೂ ಅಲ್ಲೇ ಕೆಲಸ. ವರ್ಷಕ್ಕೊಮ್ಮೆ ಊರಿಗೆ ಬರುತ್ತೇವೆ. ಬಂದಾಗ ಮದುವೆ ಮನೆಯ ಪಂಕ್ತಿಯಲ್ಲಿ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ತೋಟದ ಗೇಟಿನ ಹತ್ತಿರ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಅವೇ. ಈಚೆಗೆ ಹೊಸದಾಗಿ ಹೊರಟಿರುವ ಹುಡುಗ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ. ಎಲ್ಲದಕ್ಕೂ ಒಂದೇ ಸಲ ಉತ್ತರ ಬರೆದಿಟ್ಟರೆ ಮುಂದಿನ ಮದುವೆಯಲ್ಲಾದರೂ ಪಾಯಸ ಆರುವ ಮೊದಲು ಕುಡಿಯಬಹುದು ಅಂತ ಆಸೆ.

## ಕುಶಲ ವಿಚಾರಿಸುವವರು ಕೇಳುವುದು

"ಜರ್ಮನಿ ಅಂದ್ರೆ ಅಮೆರಿಕಾದಲ್ಲಿ ಎಲ್ಲಿ ಬರುತ್ತವ್ವ?"

ಯುರೋಪಿನಲ್ಲಿ ಬರುತ್ತದೆ. ಅಮೆರಿಕಕ್ಕೂ ಅದಕ್ಕೂ ನಡುವೆ ಒಂದು ದೊಡ್ಡ ಸಮುದ್ರ ಇದೆ. ಇದನ್ನು ನಮ್ಮ ಚಿಕ್ಕಜ್ಜನಿಗೆ ಹೇಳಿ ಹೇಳಿ ಸಾಕಾಗಿ ಈಗ "ಹೂಂ ಅಜ್ಜ, ಅಲ್ಲೇ ಪಕ್ಕದಲ್ಲಿ" ಅನ್ನುತ್ತೇನೆ.

ಹೊತ್ತಿನ ಲೆಕ್ಕ ಮಾತ್ರ ನೆನಪಿಟ್ಟುಕೊಳ್ಳಿ. ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. "ಸರ್ಕಾರ ಹೇಳಿದ್ರೆ ಸೂರ್ಯ ಕೇಳ್ತಾನಾ?" ಅಂತ ಅಮ್ಮ ಇದನ್ನು ಇವತ್ತಿಗೂ ಒಪ್ಪಿಲ್ಲ. ಬೆಳಗ್ಗೆ 7ಕ್ಕೆ ಹಾಲು ಕಾಯಿಸಿಟ್ಟು ಫೋನ್ ಮಾಡುತ್ತಾಳೆ. ಜನವರಿಯಲ್ಲಿ ಆಗ ನಮಗೆ ರಾತ್ರಿ 2.30. "ಯಾಕೆ ದನಿ ಹಂಗಿದೆ, ನೆಗಡಿನಾ?" ಅಂತ ಕೇಳುತ್ತಾಳೆ. ಹೂಂ ಅಂದರೆ ಕಷಾಯ ಮಾಡುವ ವಿಧಾನ ಶುರುವಾಗುತ್ತದೆ.

"ಊಟಕ್ಕೇನ್ ಮಾಡ್ತೀಯಾ? ಬರೀ ಬ್ರೆಡ್ಡಾ?"

ಬ್ರೆಡ್ಡೂ ಇದೆ. ಆದರೆ ಹಾಸನದವರಿಗೆ ಅರ್ಥ ಆಗುವ ಉತ್ತರ ಅಂದರೆ ಆಲೂಗಡ್ಡೆ.

ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆಗೆ ರೈತರು ಎಪಿಎಂಸಿಯಲ್ಲಿ ಸಾಲು ನಿಲ್ಲುವುದನ್ನು ಕಾಲೇಜಿಗೆ ಹೋಗುವಾಗ ನೋಡಿದವಳು ನಾನು. ಆಲೂಗಡ್ಡೆ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂತ ಧೈರ್ಯ ಇತ್ತು. ಹೋದ ಮೊದಲ ತಿಂಗಳು ಆಫೀಸಿನ ಐದು ಜನರನ್ನು ಮಸಾಲೆ ದೋಸೆಗೆ ಕರೆದೆ. ಎರಡು ಕಿಲೋ ಗಡ್ಡೆ ಬೇಯಲು ಇಟ್ಟೆ. ಅರ್ಧ ಗಂಟೆ ಆಯಿತು, ಮುಕ್ಕಾಲು ಗಂಟೆ ಆಯಿತು. ಸೌಟಿನ ಹಿಂಬದಿಯಿಂದ ಒತ್ತಿದರೆ ಗೋಲಿಯ ಹಾಗೆ ಜಾರಿ ಪಾತ್ರೆಯಿಂದ ಹೊರಗೆ ಹಾರಿತು. ಕೊನೆಗೆ ತುರಿಮಣೆಯಲ್ಲಿ ತುರಿದು ಪಲ್ಯ ಮಾಡಿದೆ. ಅತಿಥಿಗಳು ಅದನ್ನು ಕೊಬ್ಬರಿ ಅಂದುಕೊಂಡರು.

ಆಮೇಲೆ ಗೊತ್ತಾಯಿತು. ಅಲ್ಲಿ ಚೀಲದ ಮೇಲೇ ಬರೆದಿರುತ್ತಾರೆ: ಬೆಂದ ಮೇಲೂ ಗಟ್ಟಿಯಾಗಿರುವುದು, ನಡುವಿನದು, ಹಿಟ್ಟಿನ ಹಾಗೆ ಪುಡಿಯಾಗುವುದು. ಪಲ್ಯಕ್ಕೆ, ಬೋಂಡಕ್ಕೆ ಮೂರನೆಯದು. ಚೀಲದ ಮೇಲೆ "ಮೇಲಿಶ್" ಅಂತ ಓದಿಕೊಳ್ಳಿ. ಅಕ್ಕಿ, ಬೇಳೆ, ರಾಗಿ ಹಿಟ್ಟಿಗೆ ನಮ್ಮವರ ಅಂಗಡಿ ಇದೆ. ಬೆಂಡೆಕಾಯಿ, ಬದನೆ, ಕೊತ್ತಂಬರಿ ಸೊಪ್ಪಿಗೆ ಟರ್ಕಿಯವರ ಅಂಗಡಿ.

"ಬ್ಯಾಗಲ್ಲಿ ಜಾಗ ಇದ್ರೆ ಎರಡು ಕೇಜಿ ತುಪ್ಪ, ಒಂದಿಷ್ಟು ಕೊಬ್ಬರಿ ಹಾಕ್ಲಾ?"

ಬೇಡ. ಮಾಂಸ, ಹಾಲಿನ ಪದಾರ್ಥ ಎರಡನ್ನೂ ಹೊರಗಿನ ದೇಶದ ಪ್ರಯಾಣಿಕರು ಯುರೋಪಿನ ಒಕ್ಕೂಟದೊಳಗೆ ತರುವ ಹಾಗಿಲ್ಲ. ತುಪ್ಪವೂ ಅದರಲ್ಲಿ ಬಂತು. ಹಣ್ಣು ತರಕಾರಿಗೆ ರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಕೇಳುತ್ತಾರೆ. ಬಾಳೆಹಣ್ಣು, ಅನಾನಸ್, ತೆಂಗಿನಕಾಯಿ, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ಬೇಕಿಲ್ಲ.

ಕೊಬ್ಬರಿಯದು ಬೇರೆ ಕಥೆ. ಎಣ್ಣೆ ಜಾಸ್ತಿ ಇರುವುದರಿಂದ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಹುದಾದ ಪದಾರ್ಥಗಳ ಪಟ್ಟಿಯಲ್ಲಿ ವಿಮಾನದವರು ಅದನ್ನೂ ಸೇರಿಸಿದ್ದಾರೆ. ಇದನ್ನು ಅರಸೀಕೆರೆ ದೊಡ್ಡಮ್ಮನಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. "ನಮ್ ಅಟ್ಟದ ತುಂಬ ಕೊಬ್ಬರಿನೇ. ನಾನು ಮದ್ವೆಯಾಗಿ ಬಂದಾಗಿಂದ ಅದರ ಕೆಳಗೇ ಮಲಗ್ತಿದೀನಿ. ಒಂದಿನ ಹೊತ್ತಿಲ್ಲ!"

ದುಬೈ ಮೇಲೆ ಹೋಗುವವರು ಬ್ಯಾಗಿನಿಂದ ಗಸಗಸೆ ತೆಗೆದಿಡಿ. ಅಲ್ಲಿ ಅದಕ್ಕೆ ನಿಷೇಧ ಇದೆ, ಜೈಲಿನ ಮಾತು. ತಮಾಷೆ ಏನು ಅಂದರೆ ಜರ್ಮನಿಯಲ್ಲಿ ಇಳಿದ ಮೇಲೆ ಮೊದಲ ಬೇಕರಿಯಲ್ಲೇ ಬನ್ನಿನ ಮೇಲೆ ಗಸಗಸೆ ಉದುರಿಸಿಟ್ಟಿರುತ್ತಾರೆ.

"ಕಾಫಿ?"

ಕುಡಿಯುತ್ತಾರೆ, ಲೋಟಗಟ್ಟಲೆ. ನಮ್ಮ ದೇಶದ ಕಾಫಿಯನ್ನು ಜಾಸ್ತಿ ಕೊಳ್ಳುವವರಲ್ಲಿ ಇಟಲಿಯ ಜೊತೆ ಜರ್ಮನಿಯೂ ಇದೆ. ಹುರಿದ ಕಾಫಿಗೆ ಕಿಲೋಗೆ 2.19 ಯೂರೋ ಅಂತ ಪ್ರತ್ಯೇಕ ಕಾಫಿ ತೆರಿಗೆಯನ್ನೇ ಹಾಕುತ್ತಾರೆ. ಅಪ್ಪನಿಗೆ ಇದನ್ನು ಹೇಳಬಾರದಿತ್ತು. "ಬೆಳೆಯೋ ನಮಗೆ ಸಿಗೋದೆಷ್ಟು, ಹುರಿಯೋದಕ್ಕೆ ಅವರು ತಗೊಳ್ಳೋದೆಷ್ಟು" ಅಂತ ಒಂದು ವಾರ ಅದೇ ಮಾತು.

ಚಿಕೋರಿ ಬೆರೆಸುತ್ತೇವೆ ಅಂದರೆ ಅಲ್ಲಿನ ಹಳಬರು ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾರೆ. ಅವರಿಗೆ ಚಿಕೋರಿ ಅಂದರೆ ಯುದ್ಧದ ಕಾಲದಲ್ಲಿ ಕಾಫಿ ಸಿಗದೆ ಕುಡಿದ ಕರೀ ನೀರು. ನಮ್ಮ ಯಜಮಾನರು ಚಿಕ್ಕಮಗಳೂರಿನ ಕಡೆಯವರು, ಅರೇಬಿಕಾ ಪಕ್ಷ. ನಾನು ರೊಬಸ್ಟಾ. ಆ ಜಗಳಕ್ಕೆ ಯಾವ ದೇಶವಾದರೂ ಒಂದೇ.

## ಮನೆ ಮಾಡಿದ ಮೇಲಿನ ಫಜೀತಿ

"ಬಾಡಿಗೆ ಮನೆ ಸಲೀಸಾಗಿ ಸಿಗುತ್ತಾ?"

ಇಲ್ಲ. ಸಿಕ್ಕಿದರೂ ಖಾಲಿ ಮನೆ ಅಂದರೆ ಅಲ್ಲಿ ನಿಜಕ್ಕೂ ಖಾಲಿ. ನಮ್ಮ ಮೊದಲ ಮನೆಯ ಅಡುಗೆಕೋಣೆಯಲ್ಲಿ ಸಿಂಕ್ ಇರಲಿಲ್ಲ, ಒಲೆ ಇರಲಿಲ್ಲ, ಕಟ್ಟೆಯೂ ಇರಲಿಲ್ಲ. ಗೋಡೆಯಿಂದ ಒಂದು ನಲ್ಲಿಯ ಮೂತಿ, ಸೂರಿನಿಂದ ಎರಡು ವೈರು. ಹಿಂದೆ ಇದ್ದವರು ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿದ್ದರು. ಇದು ಅಲ್ಲಿ ಮಾಮೂಲಿ. ಮೂರು ವಾರ ಬಚ್ಚಲಲ್ಲಿ ಪಾತ್ರೆ ತೊಳೆದೆವು.

ಬಾಡಿಗೆಯಲ್ಲಿ ತಣ್ಣಗಿನದು, ಬಿಸಿಯದು ಅಂತ ಎರಡು ಲೆಕ್ಕ. ತಣ್ಣಗಿನದು ಬರೀ ಗೋಡೆಗೆ. ಹೀಟರ್, ನೀರು, ಕಸದ ಖರ್ಚೆಲ್ಲ ಸೇರಿದರೆ ಬಿಸಿ. ಅಡ್ವಾನ್ಸ್ ತಣ್ಣಗಿನ ಬಾಡಿಗೆಯ ಮೂರು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ, ಕಾನೂನೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಂಗಳೂರಿನಲ್ಲಿ ಇದ್ದವರಿಗೆ ಇದೊಂದು ಸಮಾಧಾನ.

"ನಿಮ್ಮನೆ ಬೆಲ್ಲಿನ ಮೇಲೆ ನಿಮ್ಮಪ್ಪನ ಹೆಸರು ಯಾಕಿದೆ?"

ಫೋಟೋ ನೋಡಿದವರೆಲ್ಲ ಕೇಳುತ್ತಾರೆ. ನಮ್ಮ ಕಡೆ ಹೆಸರಿನ ಜೊತೆ ಇರುವುದು ಇನಿಷಿಯಲ್. ಒಂದಕ್ಷರ ಊರಿಗೆ, ಒಂದಕ್ಷರ ಅಪ್ಪನಿಗೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಅಂದರು, ಬಿಡಿಸಿದೆವು. ಅಪ್ಪನ ಹೆಸರು ಹೋಗಿ ಸರ್‌ನೇಮ್ ಜಾಗದಲ್ಲಿ ಕೂತಿತು. ಗಂಡನದೂ ಹಾಗೇ, ಅಲ್ಲಿ ಮಾವನವರು ಕೂತರು.

ಅಲ್ಲಿ ಫ್ಲ್ಯಾಟಿಗೆ ನಂಬರ್ ಇರುವುದು ಅಪರೂಪ. ಬೆಲ್ಲಿನ ಮೇಲೆ, ಅಂಚೆ ಡಬ್ಬಿಯ ಮೇಲೆ ಸರ್‌ನೇಮ್ ಇದ್ದರೆ ಮಾತ್ರ ಕಾಗದ ಬರುತ್ತದೆ. ಹಾಗಾಗಿ ನಮ್ಮ ಬೆಲ್ಲಿನ ಮೇಲೆ ಅಪ್ಪ ಮತ್ತು ಮಾವ ಒಟ್ಟಿಗಿದ್ದಾರೆ. ಊರಿನಲ್ಲಿ ತೋಟದ ಬೇಲಿ ವಿಷಯಕ್ಕೆ ಮಾತು ಬಿಟ್ಟಿರುವ ಇಬ್ಬರು! ಆಫೀಸಿನಲ್ಲಿ ಮೊದಲ ಮೀಟಿಂಗಿನಲ್ಲಿ ಮ್ಯಾನೇಜರ್ ಗೌರವದಿಂದ ಅಪ್ಪನ ಹೆಸರು ಹಿಡಿದು ಕೂಗಿದಾಗ ನಾನು ಬಾಗಿಲ ಕಡೆ ತಿರುಗಿ ನೋಡಿದ್ದೆ.

"ಮೆಟ್ಟಿಲೆಲ್ಲ ಯಾರು ಗುಡಿಸ್ತಾರೆ? ಕೆಲಸದವರು ಸಿಗ್ತಾರಾ?"

ನಾನೇ ಗುಡಿಸುತ್ತೇನೆ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಗುಡಿಸುವ ವಾರ ಅಂತ ಅರ್ಥ. ಕಟ್ಟಡದಲ್ಲಿ ಇರುವವರು ಸರದಿಯ ಮೇಲೆ ಮೆಟ್ಟಿಲು, ಅಂಗಳ, ಮುಂದಿನ ಕಾಲುದಾರಿ ಗುಡಿಸಬೇಕು.

ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಸೋಮವಾರ ಆಫೀಸಿನಿಂದ ಬಂದರೆ ಬಾಗಿಲ ಹಿಡಿಗೆ ಅಂಗೈ ಅಗಲದ ಮರದ ಹಲಗೆ ನೇತಾಡುತ್ತಿತ್ತು. ಮೂಲೆಯಲ್ಲಿ ಪುಟ್ಟ ಪೊರಕೆಯ ಚಿತ್ರ, ಮೇಲೆ ಸುರುಳಿ ಅಕ್ಷರ. ಎದುರುಮನೆಯವರದು ಬಿದ್ದಿರಬೇಕು ಅಂತ ಅವರ ಬಾಗಿಲಿಗೆ ನೇತುಹಾಕಿದೆ. ಮಂಗಳವಾರ ಮತ್ತೆ ನಮ್ಮ ಬಾಗಿಲಲ್ಲಿ. ಇವರೇನೋ ಪ್ರೀತಿಯಿಂದ ಉಡುಗೊರೆ ಕೊಡುತ್ತಿದ್ದಾರೆ ಅನ್ನಿಸಿ, ಬರಿಗೈಯಲ್ಲಿ ವಾಪಸ್ ಮಾಡಬಾರದು ಅಂತ ಹಲಗೆಯ ಜೊತೆ ಒಂದು ಪೊಟ್ಟಣ ಕೋಡುಬಳೆ ಕಟ್ಟಿ ಅವರ ಬಾಗಿಲಿಗೆ ಹಾಕಿದೆ. ಬುಧವಾರ ಹಲಗೆ ಬಂತು, ಕೋಡುಬಳೆ ಬರಲಿಲ್ಲ.

ಗುರುವಾರ ಎದುರುಮನೆಯ ಅಜ್ಜಿ ತಾವೇ ಬೆಲ್ ಮಾಡಿದರು. ಕೈಯಲ್ಲಿ ಪೊರಕೆ. ಮಾತಿಲ್ಲದೆ ಹಲಗೆ ತೋರಿಸಿದರು, ಮೆಟ್ಟಿಲು ತೋರಿಸಿದರು, ನನ್ನನ್ನು ತೋರಿಸಿದರು. ಅರ್ಥ ಆಯಿತು.

ಗುಡಿಸುವುದು ನಮಗೆ ಹೊಸತಾ? ಶನಿವಾರ ಬೆಳಗ್ಗೆ ಎದ್ದು ಮೂರೂ ಮಹಡಿ ಗುಡಿಸಿ, ಒರೆಸಿ, ಇವರು ಬಾಯಿ ಮೇಲೆ ಬೆರಳಿಡಬೇಕು ಅಂತ ಹೊಸಿಲ ಮುಂದೆ ಅಕ್ಕಿ ಹಿಟ್ಟಿನಲ್ಲಿ ಐದೆಳೆ ರಂಗೋಲಿ ಹಾಕಿದೆ. ಅಜ್ಜಿ ಬಂದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಚೆನ್ನಾಗಿ ಗುಡಿಸಿದ್ದೀರಿ. ಆಮೇಲೆ ಹಿಟ್ಟು ಯಾಕೆ ಚೆಲ್ಲಿದಿರಿ?" ಅಂದರು. ಹಾಗಂದು ಅವರೇ ಪೊರಕೆ ತಂದು ಗುಡಿಸಿಬಿಟ್ಟರು. ಹೋಗುವಾಗ, ಆ ಉಪ್ಪಿನ ಬಳೆಗಳು ಇನ್ನೂ ಇವೆಯಾ ಅಂತ ಕೇಳಿದರು.

ಹಿಮ ಬಿದ್ದ ದಿನ ಬೆಳಗಾಗುವ ಮೊದಲೇ ಕಾಲುದಾರಿಯ ಹಿಮ ಸರಿಸುವುದೂ ಆ ವಾರದವರದೇ ಪಾಲು. ನನ್ನ ಸರದಿ ಬಂದಾಗಲೇ ಬೀಳುತ್ತದೆ. ಒಂಬತ್ತು ವರ್ಷದ ಅನುಭವ.

"ಭಾನುವಾರ ಕುಕ್ಕರ್ ಕೂಗಿಸಿದ್ರೆ ಪೊಲೀಸ್ ಬರ್ತಾರಂತೆ, ಹೌದಾ?"

ಕುಕ್ಕರಿಗೆ ಬಂದಿಲ್ಲ. ಆದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಭಾನುವಾರ ಇಡೀ ದಿನ ಸದ್ದು ಮಾಡಬಾರದು. ಗೋಡೆ ಕೊರೆಯಬಾರದು, ಹುಲ್ಲು ಕತ್ತರಿಸುವ ಮಷಿನ್ ಓಡಿಸಬಾರದು. ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವುದೂ ಬೇಡ. ಅಂಗಡಿಗಳೂ ಮುಚ್ಚಿರುತ್ತವೆ. ಶನಿವಾರ ಹಾಲು ತರಲು ಮರೆತವರು ಸೋಮವಾರದವರೆಗೆ ಕರಿ ಕಾಫಿ ಕುಡಿಯಿರಿ, ಇಲ್ಲವೇ ರೈಲ್ವೆ ಸ್ಟೇಷನ್ನಿಗೆ ನಡೆಯಿರಿ.

ಕುಕ್ಕರಿನ ಬಗ್ಗೆ ಕೆಳಮನೆಯವರು ಕೇಳಿದ್ದು ಮಾತ್ರ ನಿಜ. ಅಲ್ಲಿನ ಕುಕ್ಕರ್ ಕೂಗುವುದಿಲ್ಲ. "ನಿಮ್ಮ ಮನೆಯಲ್ಲಿ ಮಧ್ಯಾಹ್ನ ಮೂರು ಸಲ ರೈಲು ಹೊರಡುತ್ತದಲ್ಲ, ಅದೇನು?" ಅಂದರು. ಬೇಳೆ ಬೇಯುವುದು ಅಂದೆ. ಮೂರು ಅಂತ ಅವರೇ ಎಣಿಸಿದ್ದು ನೋಡಿ ಸಂತೋಷವಾಯಿತು.

ನಿಜವಾಗಿ ಹೆದರಬೇಕಾದದ್ದು ಹೊಗೆ ಅಲಾರಂಗೆ. ಮಲಗುವ ಕೋಣೆ, ಓಡಾಡುವ ಜಾಗದ ಸೂರಿನಲ್ಲಿ ಅದು ಇರಲೇಬೇಕು ಅಂತ ಕಾನೂನು. ಒಣಮೆಣಸಿನಕಾಯಿ ಒಗ್ಗರಣೆಯ ವಾಸನೆ ನಮಗೆ ಬರುವ ಮೊದಲು ಅದಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಒಗ್ಗರಣೆ ಇಬ್ಬರ ಕೆಲಸ. ಒಬ್ಬರು ಸೌಟು ಹಿಡಿಯುತ್ತೇವೆ, ಇನ್ನೊಬ್ಬರು ಅಲಾರಂ ಕೆಳಗೆ ನಿಂತು ಟವಲ್ ಬೀಸುತ್ತೇವೆ.

"ನಿಮ್ಮಮ್ಮ ಬಂದಿದ್ರಲ್ಲ, ಏನೋ ಬಾಟಲಿ ವಿಷಯಕ್ಕೆ ಜಗಳ ಆಯ್ತಂತೆ?"

ಜಗಳ ಅಲ್ಲ. ನೀರು, ಜ್ಯೂಸಿನ ಪ್ಲಾಸ್ಟಿಕ್ ಬಾಟಲಿ ಕೊಳ್ಳುವಾಗ ಒಂದಕ್ಕೆ 25 ಸೆಂಟ್ ಡಿಪಾಸಿಟ್ ಇಡಬೇಕು. ಖಾಲಿ ಬಾಟಲಿಯನ್ನು ಅಂಗಡಿಯ ಮಷಿನ್‌ಗೆ ಹಾಕಿದರೆ ವಾಪಸ್ ಚೀಟಿ ಬರುತ್ತದೆ. ನಾನು ಒಂದು ಚೀಲ ಕೂಡಿಟ್ಟಿದ್ದೆ, 18 ಬಾಟಲಿ. ಮಗಳ ಮನೆಯಲ್ಲಿ ಕಸ ಇಷ್ಟೊಂದು ಜಾಗ ತಿನ್ನುತ್ತಿದೆಯಲ್ಲ ಅಂತ ಅಮ್ಮ ಎಲ್ಲವನ್ನೂ ಒಂದೊಂದಾಗಿ ತುಳಿದು ಹಪ್ಪಳ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಳು. ಚಪ್ಪಟೆ ಬಾಟಲಿಯ ಗುರುತು ಮಷಿನ್‌ಗೆ ಓದಲು ಬರಲಿಲ್ಲ. ನಾಲ್ಕೂವರೆ ಯೂರೋ. ಅಮ್ಮ ಅದನ್ನು ರೂಪಾಯಿ ಮಾಡಿ ನೋಡಿದಳು. ಆಮೇಲೆ ಎರಡು ದಿನ ಆ ಬಾಟಲಿಗಳಿಗೆ ಬಾಯಿಂದ ಗಾಳಿ ಊದುತ್ತ ಕೂತಿದ್ದಳು. ಆರು ಬಾಟಲಿ ಉಳಿದವು.

## ಆಫೀಸು, ಭಾಷೆ, ದುಡ್ಡು

"ಭಾಷೆ ಕಷ್ಟನಾ?"

ಲೆಕ್ಕ ಹೇಳುವುದು ಕಷ್ಟ. ಇಪ್ಪತ್ನಾಲ್ಕು ಅನ್ನುವುದಕ್ಕೆ ಅವರು ನಾಲ್ಕು ಮತ್ತು ಇಪ್ಪತ್ತು ಅನ್ನುತ್ತಾರೆ. ಫೋನ್ ನಂಬರ್ ಬರೆದುಕೊಳ್ಳುವಾಗ ಪೆನ್ನು ಮುಂದೆ ಹೋಗಿ ಹಿಂದೆ ಬರಬೇಕು.

ಗಂಟೆ ಇನ್ನೂ ಮೋಸ. ಹಲ್ಲಿನ ಡಾಕ್ಟರ ಹತ್ತಿರ "ಹಾಲ್ಪ್ ದ್ರೈ" ಬನ್ನಿ ಅಂದರು. ಹಾಲ್ಪ್ ಅಂದರೆ ಅರ್ಧ, ದ್ರೈ ಅಂದರೆ ಮೂರು. ಮೂರೂವರೆ ಅಲ್ವಾ? ಐದು ನಿಮಿಷ ಮೊದಲೇ ಹೋಗಿ ಜಂಬದಿಂದ ಕೂತೆ. ಅದು ಎರಡೂವರೆ. ಮೂರರ ಕಡೆ ಅರ್ಧ ನಡೆದಿದೆ ಅಂತ ಅವರ ಲೆಕ್ಕ. ಸ್ಟುಟ್‌ಗಾರ್ಟ್ ಕಡೆಯ ಜರ್ಮನ್‌ನಲ್ಲಿ "ಕಾಲು ಮೂರು" ಅಂದರೆ ಎರಡೂಕಾಲು, "ಮುಕ್ಕಾಲು ಮೂರು" ಅಂದರೆ ಎರಡೂಮುಕ್ಕಾಲು. ನಾವು ಆಗಿಹೋದ ಗಂಟೆಯ ಮೇಲೆ ಕೂಡುತ್ತೇವೆ, ಅವರು ಬರಬೇಕಾದ ಗಂಟೆಯನ್ನು ತುಂಬಿಸುತ್ತಾರೆ. ಇದು ತಲೆಗೆ ಹೋಗುವಷ್ಟರಲ್ಲಿ ನನ್ನ ಹಲ್ಲು ಹೋಗಿತ್ತು.

ನೀನು, ನೀವು ಅಂತ ಎರಡಿರುವುದು ಮಾತ್ರ ನಮಗೆ ಅನುಕೂಲ. ಇಂಗ್ಲಿಷ್‌ನವರು ಒದ್ದಾಡುವ ಕಡೆ ನಾವು ಸರಾಗ. ಆದರೂ ಅಭ್ಯಾಸ ಬಲದಿಂದ ನೆರೆಮನೆಯ ನಾಯಿಗೆ "ತಾವು ಸ್ವಲ್ಪ ಸರಿಯಿರಿ" ಅಂದಿದ್ದೇನೆ. ಸರಿಯಿತು.

"ಆಫೀಸಲ್ಲಿ ಜನ ಹೆಂಗೆ? ಮಾತಾಡ್ತಾರಾ?"

ಮಧ್ಯಾಹ್ನ 12 ಗಂಟೆ ಸುಮಾರಿಗೆ ಕಾರಿಡಾರಿನಲ್ಲಿ ಎದುರಾದವರೆಲ್ಲ "ಮಾಲ್‌ತ್ಸೈಟ್" ಅನ್ನುತ್ತಾರೆ. ಊಟದ ಹೊತ್ತು ಅಂತ. ನಾನು ಇದನ್ನು ನಮ್ಮ "ಊಟ ಆಯ್ತಾ?" ಅಂದುಕೊಂಡು ನಿಂತು ಏನು ತಿಂದೆ, ಏನು ಉಳಿಯಿತು ಅಂತ ಹೇಳುತ್ತಿದ್ದೆ. ಕೇಳಿದವರು ಪಾಪ ತಟ್ಟೆ ಹಿಡಿದುಕೊಂಡು ಪೂರ್ತಿ ಕೇಳಿದ್ದಾರೆ. ಅದು ಬರೀ ನಮಸ್ಕಾರ ಅಂತ ಆರು ತಿಂಗಳ ಮೇಲೆ ಗೊತ್ತಾಯಿತು.

ಇನ್ನೊಂದು: ಹುಟ್ಟುಹಬ್ಬದ ಶುಭಾಶಯವನ್ನು ಯಾವತ್ತೂ ಮುಂಚಿತವಾಗಿ ಹೇಳಬೇಡಿ. ಅಪಶಕುನ ಅಂತ ನಂಬುತ್ತಾರೆ. ನಾಳೆ ನಾನು ರಜೆ, ಇವತ್ತೇ ಹೇಳಿಬಿಡೋಣ ಅಂತ ಒಬ್ಬ ಸಹೋದ್ಯೋಗಿಗೆ ಹೇಳಿದೆ. ಹೊರಡುವವರ ಹಿಂದಿನಿಂದ ಸೀನಿದರೆ ನಮ್ಮಜ್ಜಿ ಹೇಗೆ ನೋಡುತ್ತಿದ್ದರೋ ಹಾಗೆ ನೋಡಿದರು. ವೈಜ್ಞಾನಿಕ ಮನೋಭಾವದ ದೇಶ ಅಂತ ಓದಿಕೊಂಡು ಹೋಗಿದ್ದೆ, ಈ ಒಂದು ವಿಷಯದಲ್ಲಿ ನಮ್ಮೂರೇ. ಕೇಕು ಹುಟ್ಟುಹಬ್ಬದವರೇ ತರಬೇಕು.

"ಸಂಬಳ ಎಷ್ಟು ಬರುತ್ತೆ? ರೂಪಾಯಿಲಿ ಹೇಳು."

ಹೇಳುವುದಿಲ್ಲ. ಹೇಳಿದರೆ ನೀವು ಗುಣಾಕಾರ ಮಾಡುತ್ತೀರಿ, ಕಳೆಯುವುದನ್ನು ಮರೆಯುತ್ತೀರಿ. ಮದುವೆಯಾಗದವರಾದರೆ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಅಂತ ಮೂರನೇ ಒಂದು ಭಾಗ ಕೈಗೆ ಬರುವ ಮೊದಲೇ ಹೋಗಬಹುದು. ವಿಳಾಸ ನೋಂದಾಯಿಸುವಾಗ ಧರ್ಮ ಕೇಳುತ್ತಾರೆ, ಯಾಕೆಂದರೆ ಚರ್ಚಿನ ಸದಸ್ಯರಿಗೆ ಚರ್ಚ್ ತೆರಿಗೆ ಬೇರೆ. ನಮಗೆ ಅದಿಲ್ಲ. ಟಿವಿ ಇರಲಿ ಬಿಡಲಿ, ಮನೆಗೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. "ನಮ್ಮನೆಯಲ್ಲಿ ಟಿವಿನೇ ಇಲ್ಲ" ಅಂತ ವಿವರವಾಗಿ ಪತ್ರ ಬರೆದೆ. ಧನ್ಯವಾದ ಹೇಳಿ ಬಿಲ್ ಕಳಿಸಿದರು.

## ಹೊರಡಲು ತಯಾರಾದವರು ಕೇಳುವುದು

"ಅಕ್ಕ, ಊರಲ್ಲಿ ಹತ್ತು ವರ್ಷದಿಂದ ಕಾರು ಓಡಿಸ್ತಿದೀನಿ. ಅಲ್ಲಿ ಲೈಸೆನ್ಸ್ ಈಸಿ ಅಲ್ವಾ?"

ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನ ಜೀಪಿನಲ್ಲಿ ಕಲಿತವಳು, ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಸಿದವಳು. ನಮ್ಮ ಲೈಸೆನ್ಸ್ ಅಲ್ಲಿ ವಾಸಕ್ಕೆ ಹೋದ ಮೇಲೆ 6 ತಿಂಗಳು ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು.

ಸ್ಟುಟ್‌ಗಾರ್ಟ್ ಗುಡ್ಡದ ಊರು. ಪರೀಕ್ಷೆಯ ದಿನ ಒಂದು ಕಡಿದಾದ ತಿರುವು ಬಂತು. ಕೈ ತಾನಾಗಿ ಹಾರ್ನ್ ಮೇಲೆ ಹೋಯಿತು. ಹಿಂದೆ ಕೂತಿದ್ದ ಪರೀಕ್ಷಕರು ಕೇಳಿದರು, "ಯಾರಿಗೆ ಹಾರ್ನ್ ಮಾಡಿದಿರಿ?"

"ಎದುರಿಂದ ಬರುವ ಲಾರಿಗೆ."

"ಎಲ್ಲಿದೆ ಲಾರಿ?"

"ಬಂದಿಲ್ಲ."

ಅವರು ಬಹಳ ಹೊತ್ತು ಬರೆದುಕೊಂಡರು. ಆ ಸಲ ಫೇಲ್. ಎರಡನೇ ಸಲ ಕನ್ನಡಿ ನೋಡಿ, ಭುಜದ ಮೇಲಿಂದ ಕತ್ತು ತಿರುಗಿಸದೆ ಪಥ ಬದಲಿಸಿದ್ದಕ್ಕೆ ಫೇಲ್. ಮೂರನೇ ಸಲಕ್ಕೆ ಕತ್ತು ಎಷ್ಟು ತಿರುಗಿಸಿದೆ ಅಂದರೆ ವಾರವಿಡೀ ಎಣ್ಣೆ ಹಚ್ಚಿಕೊಂಡೆ, ಪಾಸಾದೆ. ಬೋರ್ಡು, ಸಿಗ್ನಲ್ ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು, ಅವರು ಸೈಕಲ್‌ನಲ್ಲಿದ್ದರೂ ಸರಿ. ದೊಡ್ಡ ಗಾಡಿಗೆ ದಾರಿ ಅನ್ನುವ ನಮ್ಮ ನಿಯಮ ಬಿಟ್ಟುಹೋಗಲು ಸಮಯ ಬೇಕು. ಡ್ರೈವಿಂಗ್ ಸ್ಕೂಲಿಗೆ ಸಾವಿರಗಟ್ಟಲೆ ಯೂರೋ ತೆಗೆದಿಡಿ.

"ವೀಸಾ, ಪರ್ಮಿಟ್ ಕೆಲಸ ಆಫೀಸಿಗೆ ಹೋದ್ರೆ ಆಗಿಬಿಡುತ್ತಾ?"

ಹೋಗುವ ಹಾಗಿಲ್ಲ, ಮೊದಲು "ಟೆರ್ಮೀನ್" ಬೇಕು. ಅಪಾಯಿಂಟ್‌ಮೆಂಟ್. ಅದು ಸಿಗುವುದು ಹಾಸನಾಂಬೆಯ ದರ್ಶನ ಇದ್ದ ಹಾಗೆ. ವರ್ಷದಲ್ಲಿ ಕೆಲವೇ ದಿನ ಬಾಗಿಲು ತೆರೆಯುತ್ತದೆ, ಆ ದಿನ ಎಲ್ಲರೂ ಬಂದಿರುತ್ತಾರೆ. ವ್ಯತ್ಯಾಸ ಏನು ಅಂದರೆ ಹಾಸನದಲ್ಲಿ ಬಾಗಿಲು ಯಾವಾಗ ತೆರೆಯುತ್ತದೆ ಅಂತ ಮೊದಲೇ ಹೇಳುತ್ತಾರೆ. ನಾನು ಬೆಳಗಿನ ಜಾವ ಎದ್ದು ಕಂಪ್ಯೂಟರ್ ಮುಂದೆ ಕೂತು ಟೆರ್ಮೀನ್ ಹಿಡಿದಿದ್ದೇನೆ. ಎಲ್ಲ ಕಾಗದದ ಒರಿಜಿನಲ್, ಎರಡು ಜೆರಾಕ್ಸ್ ಒಯ್ಯಿರಿ. ಕೇಳದೇ ಇರುವ ಒಂದು ಕಾಗದ ಇರುತ್ತದಲ್ಲ, ಅದನ್ನೇ ಕೇಳುತ್ತಾರೆ.

ಹೊಸ ಮನೆಗೆ ಹೋದ 2 ವಾರದೊಳಗೆ ವಿಳಾಸ ನೋಂದಾಯಿಸುವುದು ಮರೆಯಬೇಡಿ. ಬ್ಯಾಂಕು, ತೆರಿಗೆ ನಂಬರು ಎಲ್ಲಕ್ಕೂ ಆ ಚೀಟಿ ಬೇಕಾಗುತ್ತದೆ.

"ಅಲ್ಲಿ ಕನ್ನಡ ಅಂದ್ರೆ ಯಾರಿಗಾದ್ರೂ ಗೊತ್ತಾ?"

ಒಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ನಿಘಂಟು ಬರೆದ ಫರ್ಡಿನಾಂಡ್ ಕಿಟೆಲ್. ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲ ಕಡೆ. 1853ರಲ್ಲಿ ನಮ್ಮಲ್ಲಿಗೆ ಬಂದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು. ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ.

ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನದಿ ದಂಡೆಯಲ್ಲಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುತ್ತ ಕಿಟೆಲ್ ಕಥೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಆಗಿನ ಕಾಲದಲ್ಲಿ ಅಷ್ಟು ದೂರ ಬಂದು ಎಪ್ಪತ್ತು ಸಾವಿರ ಮಾತು ಕಲಿತರಾ? ನಿಂಗೆ ಇನ್ನೂ ಗಂಟೆ ಹೇಳಕ್ಕೆ ಬರಲ್ಲ" ಅಂದಳು.

"ಈಗ ನೀನು ಅಲ್ಲಿಯವಳೇ ಆಗ್ಬಿಟ್ಟೆ ಅಲ್ವಾ?"

ಕಾಗದದ ಲೆಕ್ಕದಲ್ಲಿ ಇಲ್ಲ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತದೆ, ಆದರೆ ನಮ್ಮ ದೇಶ ಒಪ್ಪುವುದಿಲ್ಲ. ಅಲ್ಲಿಯದು ತೆಗೆದುಕೊಂಡರೆ ಇಲ್ಲಿಯದು ಬಿಡಬೇಕು. ನಾವು ಇನ್ನೂ ನೀಲಿ ಪಾಸ್‌ಪೋರ್ಟಿನವರೇ.

ಬೇರೆ ಲೆಕ್ಕದಲ್ಲಿ ಹೇಳುವುದಾದರೆ, ಹೋದ ಸಲ ಊರಿಗೆ ಬಂದಾಗ ಒಂದು ಭಾನುವಾರ ಬೆಳಗ್ಗೆ ತಮ್ಮ ತೋಟಕ್ಕೆ ಕಳೆ ಹೊಡೆಯುವ ಮಷಿನ್ ತೆಗೆದ. ನಾನು ಓಡಿಹೋಗಿ ಅವನ ಕೈ ಹಿಡಿದುಕೊಂಡೆ. "ಭಾನುವಾರ ಕಣೋ! ಅಕ್ಕಪಕ್ಕದವರು ಏನಂತಾರೆ?" ಅವನು ಸುತ್ತ ನೋಡಿದ. ಅರ್ಧ ಮೈಲಿಯವರೆಗೆ ಕಾಫಿ ಗಿಡ, ಮೆಣಸಿನ ಬಳ್ಳಿ, ಒಂದು ಹಸು. ಹಸುವಿನ ಕಡೆ ತಿರುಗಿ "ಏನಮ್ಮ, ತಮ್ಮ ಅಭ್ಯಂತರ ಏನಾದ್ರೂ ಇದೆಯಾ?" ಅಂತ ಕೇಳಿ ಮಷಿನ್ ಸ್ಟಾರ್ಟ್ ಮಾಡಿದ.